ಖಂಡಾಲಾ ಘಾಟಿ ಇಳಿಯುವ ಮುನ್ನ: ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ವೇಗಮಿತಿ ಮತ್ತು ಸುರಕ್ಷಿತ ಚಾಲನೆ

ಕ್ರಿಸ್ಮಸ್ ರಜೆ ಅಥವಾ ಎಪ್ರಿಲ್–ಮೇ ತಿಂಗಳ ಮದುವೆ ಕಾಲ ಬಂತೆಂದರೆ ಮುಂಬಯಿ, ಠಾಣೆ, ವಸಾಯಿ ಮತ್ತು ಪುಣೆಗಳಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳು ಊರಿನ ದಾರಿ ಹಿಡಿಯುತ್ತವೆ. ಕೊಂಕಣ ರೈಲು 1998ರಲ್ಲಿ ಪೂರ್ಣವಾಗಿ ಓಡತೊಡಗಿದ ಮೇಲೆ ಹೆಚ್ಚಿನವರು ರೈಲನ್ನೇ ನೆಚ್ಚಿಕೊಂಡಿದ್ದಾರೆ. ಹಾಗಿದ್ದರೂ ಟಿಕೆಟು ಸಿಗದವರು, ಮನೆಮಂದಿಯೆಲ್ಲ ಒಟ್ಟಿಗೆ ಬರಬೇಕೆನ್ನುವವರು, ಮುಂಬಯಿಯ ಹಬ್ಬಕ್ಕೋ ಸಂಬಂಧಿಕರ ಮದುವೆಗೋ ಊರಿನಿಂದ ವಾಹನ ಮಾಡಿಕೊಂಡು ಹೋಗುವವರು ಇಂದಿಗೂ ರಸ್ತೆಯ ಮೂಲಕವೇ ಪ್ರಯಾಣಿಸುತ್ತಾರೆ. ಅವರಲ್ಲಿ ಬಹಳ ಮಂದಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸತಾರ, ಪುಣೆ ಮಾರ್ಗವನ್ನು ಆರಿಸಿಕೊಳ್ಳುವುದರಿಂದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹಾದುಹೋಗಬೇಕಾಗುತ್ತದೆ. ಈ ಹೆದ್ದಾರಿಯ ಘಟ್ಟದ ಭಾಗದಲ್ಲಿ ವೇಗಮಿತಿ ಎಷ್ಟು, ಅದು ಅಷ್ಟೇ ಏಕೆ, ಅಲ್ಲಿ ವಾಹನ ಇಳಿಸುವ ಸರಿಯಾದ ಕ್ರಮ ಯಾವುದು ಎಂಬುದನ್ನು ಪ್ರಯಾಣಿಕರ ಮತ್ತು ವಾಹನ ಗೊತ್ತುಮಾಡುವ ವಾಳೆಯ ಗುರಿಕಾರರ ಉಪಯೋಗಕ್ಕಾಗಿ ಇಲ್ಲಿ ವಿವರಿಸುತ್ತಿದ್ದೇವೆ.

ರಸ್ತೆಯ ಪರಿಚಯ

ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮವು ನಿರ್ಮಿಸಿದ ಈ ಆರು ಪಥಗಳ ಕಾಂಕ್ರೀಟ್ ಹೆದ್ದಾರಿಯ ಉದ್ದ 94.5 ಕಿ.ಮೀ. ನವಿ ಮುಂಬಯಿಯ ಕಳಂಬೋಲಿಯಲ್ಲಿ ಆರಂಭವಾಗಿ ಪುಣೆಯ ಹೊರವಲಯದ ಕಿವಳೆಯಲ್ಲಿ ಮುಗಿಯುತ್ತದೆ. ಹಂತ ಹಂತವಾಗಿ ತೆರೆದ ಈ ರಸ್ತೆ 2002ರಲ್ಲಿ ಪೂರ್ಣವಾಗಿ ಬಳಕೆಗೆ ಬಂತು. 2009ರಲ್ಲಿ ಇದಕ್ಕೆ ಯಶವಂತರಾವ್ ಚವ್ಹಾಣರ ಹೆಸರಿಡಲಾಯಿತು. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೂ, ಟ್ರ್ಯಾಕ್ಟರ್‌ಗಳಿಗೂ, ಕಾಲ್ನಡಿಗೆಯವರಿಗೂ ಇಲ್ಲಿ ಪ್ರವೇಶವಿಲ್ಲ.

ಮುಂಬಯಿ ಕಡೆಯಿಂದ ಹೊರಟರೆ ಪನ್ವೇಲ್ ಕಳೆದು ಭಾತಾಣ್ ಮತ್ತು ಮಾಡಪ್ ಸುರಂಗಗಳು, ಖಾಲಾಪುರದ ಟೋಲ್ ನಾಕೆ, ಅಲ್ಲಿಂದ ಮುಂದೆ ಖೋಪೋಲಿಯ ಬಳಿ ಬೋರ್ ಘಾಟ್ ಆರಂಭ. ಆಡೋಶಿ ಸುರಂಗ, ಖಂಡಾಲಾ ಸುರಂಗ ದಾಟಿ ಲೋಣಾವಳಾ ತಲುಪಿದರೆ ಘಾಟಿ ಹತ್ತಿಯಾಯಿತು. ಮುಂದೆ ಕಾಮಶೇತ್ ಸುರಂಗಗಳು, ತಳೇಗಾಂವ್ ಟೋಲ್, ನಂತರ ಪುಣೆ. ಖೋಪೋಲಿ ಸಮುದ್ರಮಟ್ಟದಿಂದ ನೂರು ಮೀಟರಿಗಿಂತಲೂ ತಗ್ಗಿನಲ್ಲಿದೆ. ಲೋಣಾವಳಾ ಆರುನೂರು ಮೀಟರಿಗಿಂತ ಎತ್ತರದಲ್ಲಿದೆ. ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಐನೂರು ಮೀಟರಿಗೂ ಹೆಚ್ಚಿನ ಏರಿಳಿತ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಬೋರ್ ಘಾಟ್ ಇಂದು ನಿನ್ನೆಯ ದಾರಿಯಲ್ಲ. ಬ್ರಿಟಿಷ್ ಇಂಜಿನಿಯರರಿಗೆ ಇಲ್ಲಿನ ದಾರಿ ತೋರಿಸಿದವನು ಶಿಂಗ್ರೋಬಾ ಎಂಬ ಕುರಿಗಾಹಿ ಎಂದು ಜನ ಹೇಳುತ್ತಾರೆ. ಹಳೆಯ ರಸ್ತೆಯಲ್ಲಿ ಅವನ ಗುಡಿಯ ಎದುರು ಚಾಲಕರು ಈಗಲೂ ನಾಣ್ಯ ಹಾಕಿ ಮುಂದೆ ಹೋಗುತ್ತಾರೆ. 1830ರಲ್ಲಿ ಕಟ್ಟಿದ, ಅಮೃತಾಂಜನ್ ಸೇತುವೆ ಎಂದೇ ಎಲ್ಲರೂ ಕರೆಯುತ್ತಿದ್ದ ಕಲ್ಲಿನ ಸೇತುವೆಯ ಕಂಬಗಳು ಹೊಸ ರಸ್ತೆಗೆ ಅಡ್ಡಿಯಾಗಿದ್ದವು. 2020ರ ಎಪ್ರಿಲ್‌ನಲ್ಲಿ ಲಾಕ್‌ಡೌನಿನ ಸಮಯ ನೋಡಿ ಅದನ್ನು ಕೆಡವಲಾಯಿತು. ಇದೇ ಘಾಟಿಯಲ್ಲಿ 1863ರಿಂದ ರೈಲು ಓಡುತ್ತಿದೆ. 37 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಂಥ ಇಳಿಜಾರು ಅದು. ಬ್ರೇಕು ಹಿಡಿಯದೆ ಓಡಿಬಂದ ರೈಲನ್ನು ಬೇರೆ ಹಳಿಗೆ ತಿರುಗಿಸಿ ಏರಿನ ಮೇಲೆ ನಿಲ್ಲಿಸಲು ಕ್ಯಾಚ್ ಸೈಡಿಂಗ್ ಎಂಬ ಹಳಿಗಳನ್ನು ರೈಲ್ವೆಯವರು ಅಲ್ಲಿ ಇಟ್ಟುಕೊಂಡಿದ್ದಾರೆ. ಎಷ್ಟೇ ಅನುಭವದ ಚಾಲಕನಿದ್ದರೂ ಇಳಿಜಾರಿನಲ್ಲಿ ಬ್ರೇಕು ಕೈಕೊಡಬಹುದು ಎಂದು ನಂಬಿಯೇ ಅವರು ರೈಲು ಇಳಿಸುತ್ತಾರೆ. ರಸ್ತೆಯಲ್ಲಿ ಹೋಗುವ ನಾವು ಮಾತ್ರ ಹಾಗೆ ಯೋಚಿಸುವುದಿಲ್ಲ.

ವೇಗಮಿತಿ ಎಷ್ಟು?

ಕೇಂದ್ರ ಸರಕಾರವು 2018ರ ಎಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಕಾರುಗಳಿಗೆ ಗಂಟೆಗೆ 120, ಬಸ್ಸುಗಳಿಗೆ 100, ಸರಕು ವಾಹನಗಳಿಗೆ 80 ಕಿ.ಮೀ. ಗರಿಷ್ಠ ಮಿತಿ. ಇದನ್ನೇ ಹಿಡಿದುಕೊಂಡು "120ರಲ್ಲಿ ಹೋಗಬಹುದಲ್ಲ" ಎಂದು ವಾದಿಸುವವರಿದ್ದಾರೆ. ಇದು ತಪ್ಪು ತಿಳುವಳಿಕೆ. ಅಧಿಸೂಚನೆ ಹೇಳುವುದು ಮೇಲಿನ ಗಡಿಯನ್ನು ಮಾತ್ರ; ರಸ್ತೆಯ ಸ್ವರೂಪ ನೋಡಿ ಅದಕ್ಕಿಂತ ಕಡಿಮೆ ಮಿತಿ ವಿಧಿಸುವ ಅಧಿಕಾರ ರಾಜ್ಯಗಳಿಗಿದೆ. ಮುಂಬಯಿ–ಪುಣೆ ಹೆದ್ದಾರಿಯ ಸಮತಟ್ಟು ಭಾಗದಲ್ಲಿ ಕಾರುಗಳಿಗೆ 100, ಭಾರೀ ವಾಹನಗಳಿಗೆ 80 ಎಂದು ಮಹಾರಾಷ್ಟ್ರ ನಿಗದಿಪಡಿಸಿದೆ. 2024ರಲ್ಲಿ ಕ್ಯಾಮೆರಾ ವ್ಯವಸ್ಥೆ ಆರಂಭವಾದಾಗ ಬೋರ್ ಘಾಟ್ ಭಾಗದಲ್ಲಿ ಕಾರುಗಳಿಗೆ 60, ಭಾರೀ ವಾಹನಗಳಿಗೆ 40 ಕಿ.ಮೀ. ಮಿತಿಯಿತ್ತು. ಘಾಟಿಯ ಈ ಅಂಕಿಗಳನ್ನು ಪೊಲೀಸರು ಆಗಾಗ ಪರಿಷ್ಕರಿಸುವುದರಿಂದ ರಸ್ತೆ ಬದಿಯ ಫಲಕದಲ್ಲಿ ಕಾಣುವ ಸಂಖ್ಯೆಯನ್ನೇ ಅಂತಿಮವೆಂದು ತಿಳಿಯಬೇಕು.

2024ರ ಜುಲೈಯಿಂದ ಈ ಹೆದ್ದಾರಿಯಲ್ಲಿ ಕ್ಯಾಮೆರಾಗಳೇ ನಂಬರ್ ಪ್ಲೇಟು ಓದಿ ದಂಡದ ಚಲನ್ ಕಳುಹಿಸುತ್ತಿವೆ. ಕ್ಯಾಮೆರಾ ಕಂಡಾಗ ಬ್ರೇಕು ಒತ್ತಿ, ದಾಟಿದ ಕೂಡಲೇ ಮತ್ತೆ ಓಡಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ತಲುಪಲು ಹಿಡಿದ ಸಮಯದಿಂದ ಸರಾಸರಿ ವೇಗವನ್ನೂ ಲೆಕ್ಕಹಾಕಲಾಗುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಪ್ರಕಾರ ಅತಿವೇಗಕ್ಕೆ ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರೀ ವಾಹನಗಳಿಗೆ 2,000ದಿಂದ 4,000 ರೂಪಾಯಿ ದಂಡವಿದೆ. ಬಾಡಿಗೆ ವಾಹನವಾದರೆ ಈ ದಂಡ ಯಾರ ತಲೆಗೆ ಎಂಬ ಜಗಳ ಊರಿಗೆ ಬಂದ ಮೇಲೆ ಶುರುವಾಗುತ್ತದೆ. ಹೊರಡುವ ಮೊದಲೇ ಮಾತಾಡಿಕೊಳ್ಳುವುದು ಉತ್ತಮ.

ಅರುವತ್ತೇ ಏಕೆ?

"ಅಷ್ಟು ಅಗಲದ ರಸ್ತೆಯಲ್ಲಿ 60ರಲ್ಲಿ ಹೋಗಬೇಕೇ?" ಎಂದು ಕೇಳುವವರಲ್ಲಿ ನಮ್ಮವರೇ ಹೆಚ್ಚು. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಓಡಿಸಿದವರಿಗೆ ಬೋರ್ ಘಾಟ್ ಯಾವ ಲೆಕ್ಕ ಎಂಬ ಧೈರ್ಯ. ಅಪಾಯ ಇರುವುದು ಇದರಲ್ಲಿಯೇ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಯಾರೂ ವೇಗವಾಗಿ ಹೋಗಲಾರರು. ಬೇಕೆಂದರೂ ಘಾಟಿಯೇ ಬಿಡುವುದಿಲ್ಲ. ಪ್ರತಿ ತಿರುವಿನಲ್ಲಿ ಎರಡನೆಯ ಅಥವಾ ಒಂದನೆಯ ಗೇರಿಗೆ ಬರಲೇಬೇಕು, ಎದುರು ಬರುವ ಬಸ್ಸಿಗೆ ನಿಂತು ದಾರಿ ಕೊಡಲೇಬೇಕು. ಎಕ್ಸ್‌ಪ್ರೆಸ್ ಹೆದ್ದಾರಿಯ ಘಾಟಿ ಹಾಗಲ್ಲ. ಎದುರಿನಿಂದ ವಾಹನ ಬರುವುದಿಲ್ಲ, ತಿರುವುಗಳು ದೊಡ್ಡವು, ರಸ್ತೆ ನುಣುಪು. ಇಳಿಯುತ್ತಿದ್ದೇವೆ ಎಂಬ ಭಾವನೆಯೇ ಬರುವುದಿಲ್ಲ. ಮೇಲಿನ ಊರುಗಳಿಂದ 100ರಲ್ಲಿ ಬಂದವನಿಗೆ 80 ಎಂದರೆ ನಿಧಾನ ಅನಿಸುತ್ತದೆ. ನಮ್ಮ ಘಾಟಿಗಳಲ್ಲಿ ರಸ್ತೆಯೇ ಮಾಡಿಸುವ ಕೆಲಸವನ್ನು ಇಲ್ಲಿ ಒಂದು ಫಲಕ ಮಾಡಬೇಕಾಗಿದೆ. ಫಲಕವನ್ನು ಯಾರು ನೋಡುತ್ತಾರೆ?

ಸ್ವಲ್ಪ ಲೆಕ್ಕ ನೋಡೋಣ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಚುರುಕಾದ ಚಾಲಕನಿಗೂ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಕಾರು 17 ಮೀಟರ್ ಹೋಗಿರುತ್ತದೆ. ಒಳ್ಳೆಯ ಟಯರು, ಒಣ ರಸ್ತೆ, ಸಮತಟ್ಟು ಇದ್ದರೆ ನಿಲ್ಲಲು ಇನ್ನೂ ಸುಮಾರು 20 ಮೀಟರ್, ಒಟ್ಟು 37 ಮೀಟರ್. ಈಗ ಅದೇ ಜಾಗದಲ್ಲಿ, ಅದೇ ಕ್ಷಣ, ಪಕ್ಕದ ಪಥದಲ್ಲಿ 80ರಲ್ಲಿ ಬರುತ್ತಿದ್ದ ಕಾರಿನವನೂ ಬ್ರೇಕು ಒತ್ತಿದನೆಂದು ತಿಳಿಯಿರಿ. ಮೊದಲಿನ ಕಾರು ಪೂರ್ತಿ ನಿಂತ ಆ 37 ಮೀಟರಿನ ಗೆರೆಯನ್ನು ಎರಡನೆಯ ಕಾರು ದಾಟುವಾಗ ಅದರ ವೇಗ ಇನ್ನೂ ಗಂಟೆಗೆ 60 ಕಿ.ಮೀ.ಯ ಆಸುಪಾಸಿನಲ್ಲಿರುತ್ತದೆ. ಇಪ್ಪತ್ತು ಕಿ.ಮೀ. ವ್ಯತ್ಯಾಸ ಎಂದು ನಾವು ಹಗುರವಾಗಿ ಹೇಳುವುದು ಇದನ್ನೇ. ಒಂದು ಕಾರು ಮುಟ್ಟದೆ ನಿಲ್ಲುತ್ತದೆ. ಇನ್ನೊಂದು ಅರುವತ್ತರಲ್ಲಿ ಗುದ್ದುತ್ತದೆ.

ಮಳೆಗೆ ನೆನೆದ ಇಳಿಜಾರಿನಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ. 60ರಲ್ಲಿ ನಿಲ್ಲಲು ಸುಮಾರು 58 ಮೀಟರ್, 100ರಲ್ಲಾದರೆ ಸುಮಾರು 140 ಮೀಟರ್ ಬೇಕಾದೀತು. ಖಂಡಾಲಾದ ಜುಲೈ ತಿಂಗಳ ಮಂಜಿನಲ್ಲಿ 140 ಮೀಟರ್ ಮುಂದೆ ಏನಿದೆ ಎಂದು ಕಾಣುವುದೇ ಇಲ್ಲ.

ಹೀಗೆ ಓಡಿಸಿ ಉಳಿಯುವುದು ಎಷ್ಟು? ಘಾಟಿಯ ಹತ್ತು ಕಿಲೋಮೀಟರನ್ನು 60ರಲ್ಲಿ ಇಳಿದರೆ ಹತ್ತು ನಿಮಿಷ, 80ರಲ್ಲಿ ಇಳಿದರೆ ಏಳೂವರೆ ನಿಮಿಷ. ಉಳಿದ ಎರಡೂವರೆ ನಿಮಿಷ ಖಾಲಾಪುರದ ಟೋಲ್ ಸಾಲಿನಲ್ಲಿ ಕಳೆದುಹೋಗುತ್ತದೆ.

ಬ್ರೇಕಿನ ಕಥೆ

ಭಾರೀ ವಾಹನಗಳಿಗೆ ಇನ್ನೂ ಕಡಿಮೆ ಮಿತಿ ಇರುವುದಕ್ಕೆ ಬೇರೆಯೇ ಕಾರಣವಿದೆ. ಇದನ್ನು ಕಾರಿನವರೂ ತಿಳಿದಿರಬೇಕು, ಏಕೆಂದರೆ ಬ್ರೇಕು ಹೋದ ಲಾರಿ ಬಂದು ಗುದ್ದುವುದು ಮುಂದಿರುವ ಕಾರಿಗೆ.

16 ಟನ್ ತೂಕದ ಲಾರಿಯೊಂದು ಲೋಣಾವಳಾದಿಂದ ಖೋಪೋಲಿಗೆ 550 ಮೀಟರ್ ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿಯನ್ನೆಲ್ಲ ಒಂದು ಹಂಡೆಯ ಕೆಳಗೆ ಇಡಲು ಸಾಧ್ಯವಾದರೆ ಸುಮಾರು 270 ಲೀಟರ್ ತಣ್ಣೀರನ್ನು ಕೊತಕೊತ ಕುದಿಸಬಹುದು. ಗಾಳಿಯ ತಡೆ, ಇಂಜಿನಿನ ಎಳೆತ ಇದರಲ್ಲಿ ಒಂದು ಪಾಲನ್ನು ತಿನ್ನುತ್ತವೆ. ಉಳಿದದ್ದೆಲ್ಲ ಬ್ರೇಕಿನ ಡ್ರಮ್ಮುಗಳಿಗೇ ಹೋಗಬೇಕು. ಡ್ರಮ್ಮು ಕಾದಂತೆ ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಕಡಿಮೆಯಾಗುತ್ತದೆ, ಚಾಲಕ ಇನ್ನೂ ಜೋರಾಗಿ ಒತ್ತುತ್ತಾನೆ, ಅದು ಇನ್ನೂ ಕಾಯುತ್ತದೆ. ಕೊನೆಗೆ ಪೆಡಲು ಕೆಳಗೆ ಹೋದರೂ ಲಾರಿ ನಿಲ್ಲುವುದಿಲ್ಲ. ಮರುದಿನ ಪತ್ರಿಕೆಯಲ್ಲಿ "ಬ್ರೇಕ್ ವೈಫಲ್ಯ" ಎಂದು ಬರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಬ್ರೇಕು ಮುರಿದಿರುವುದಿಲ್ಲ, ಬೆಂದಿರುತ್ತದೆ. ತಣ್ಣಗಾದ ಮೇಲೆ ಮೆಕ್ಯಾನಿಕ್ ನೋಡಿದರೆ ಎಲ್ಲ ಸರಿಯಿದೆ ಎನ್ನುತ್ತಾನೆ.

ಇಂಜಿನಿನ ಎಳೆತ ಎಂದೆವಲ್ಲ, ಘಾಟಿ ಇಳಿಯುವ ವಿದ್ಯೆಯೆಲ್ಲ ಇರುವುದು ಅದರಲ್ಲಿ. ಗೇರಿನಲ್ಲಿರುವ ವಾಹನದ ಎಕ್ಸಲೇಟರ್ ಬಿಟ್ಟರೆ ಚಕ್ರಗಳು ಇಂಜಿನನ್ನು ತಿರುಗಿಸಬೇಕಾಗುತ್ತದೆ, ಆ ಶ್ರಮವೇ ವಾಹನವನ್ನು ಹಿಡಿದಿಡುತ್ತದೆ. ಗೇರು ಸಣ್ಣದಾದಷ್ಟು ಹಿಡಿತ ಹೆಚ್ಚು. ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಚಾಲಕರು ಹೇಳಿಕೊಡುತ್ತಿದ್ದುದು ಇದಕ್ಕಾಗಿ. ಆ ಗೇರನ್ನು ಹಾಕಬೇಕಾದದ್ದು ಇಳಿಜಾರು ಶುರುವಾಗುವ ಮೊದಲು, ಲೋಣಾವಳಾದಲ್ಲಿಯೇ. ತುಂಬಿದ ಲಾರಿ ವೇಗ ಹಿಡಿದ ಮೇಲೆ ಸಣ್ಣ ಗೇರಿಗೆ ಇಳಿಸಲು ಹೋದರೆ ಗೇರು ಕೂರುವುದಿಲ್ಲ, ವಾಹನ ನ್ಯೂಟ್ರಲ್‌ನಲ್ಲಿ ಸಿಕ್ಕಿಬೀಳುತ್ತದೆ. ಘಾಟಿಯ ಬುಡದಲ್ಲಿ ಎಷ್ಟು ವೇಗದಲ್ಲಿರುತ್ತೇವೆ ಎಂಬುದು ಘಾಟಿಯ ತಲೆಯಲ್ಲಿಯೇ ತೀರ್ಮಾನವಾಗಿರುತ್ತದೆ.

ಇಷ್ಟು ತಿಳಿದ ಮೇಲೂ ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಮಾಡಿ ಇಳಿಯುವ ಚಾಲಕರಿದ್ದಾರೆ. ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ಮದುವೆಯೊಂದನ್ನು ಮುಗಿಸಿ ಬಾಡಿಗೆ ಬಸ್ಸಿನಲ್ಲಿ ನಾವು ಮುಂಬಯಿಗೆ ಹಿಂತಿರುಗುತ್ತಿದ್ದೆವು. ಖಂಡಾಲಾ ದಾಟಿದ್ದೇ ಇಂಜಿನಿನ ಸದ್ದು ಅಡಗಿತು. ಬಸ್ಸು ತೇಲಿದಂತೆ ಹೋಗುತ್ತಿತ್ತು. ಹಿಂದಿನ ಸೀಟಿನವರು ರಸ್ತೆ ಎಷ್ಟು ಚೆನ್ನಾಗಿದೆ ಎಂದು ಹೊಗಳುತ್ತಿದ್ದರು. ಸ್ವಲ್ಪ ಹೊತ್ತಿಗೆ ರಬ್ಬರ್ ಸುಟ್ಟಂಥ ವಾಸನೆ. ಊರಿನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಹಿರಿಯರೊಬ್ಬರು ನಮ್ಮ ಜೊತೆಗಿದ್ದರು. ಅವರು ಎದ್ದು ಮುಂದೆ ಹೋಗಿ, ಜಗಳವಾಡದೆ, "ಮಾರಾಯ, ಗೇರು ಹಾಕು, ಡೀಸೆಲಿನ ದುಡ್ಡು ನಾನು ಕೊಡುತ್ತೇನೆ" ಎಂದರು. ಚಾಲಕ ಮುಖ ಗಂಟಿಕ್ಕಿದರೂ ಹೇಗೋ ವೇಗ ತಗ್ಗಿಸಿ ಗೇರಿಗೆ ಬಂದ. ಘಾಟಿ ಇಳಿದು ನಿಲ್ಲಿಸಿದಾಗ ಹಿಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಅವನು ಬಕೆಟು ನೀರು ತಂದು ಸುರಿಯಲು ಹೊರಟಾಗಲೂ ಆ ಹಿರಿಯರೇ ತಡೆದರು. ಕೆಂಪಗೆ ಕಾದ ಡ್ರಮ್ಮಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ನಲುವತ್ತು ಮಂದಿ ಅಂದು ಊಟಕ್ಕೆ ಮುಂಬಯಿ ತಲುಪಿದ್ದು ಒಬ್ಬರ ಮೂಗಿನಿಂದ.

ನ್ಯೂಟ್ರಲ್‌ನಿಂದ ಇಂಧನ ಉಳಿಯುತ್ತದೆ ಎಂಬುದೂ ಈಗಿನ ಇಂಜಿನುಗಳ ಮಟ್ಟಿಗೆ ಸುಳ್ಳು. ಗೇರಿನಲ್ಲಿದ್ದು ಎಕ್ಸಲೇಟರ್ ಬಿಟ್ಟು ಇಳಿಯುವಾಗ ಈಗಿನ ಇಂಜಿನುಗಳು ಇಂಧನವನ್ನು ಪೂರ್ತಿ ನಿಲ್ಲಿಸುತ್ತವೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಿರಲು ಸ್ವಲ್ಪ ಇಂಧನ ಉರಿಯುತ್ತಲೇ ಇರುತ್ತದೆ. ಇನ್ನು ಕೀಲಿ ತಿರುಗಿಸಿ ಇಂಜಿನನ್ನೇ ಆರಿಸುವವರಿಗೆ ಏನು ಹೇಳುವುದು? ಕಾರಿನಲ್ಲಿ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ಕೀಲಿ ಪೂರ್ತಿ ಹಿಂದೆ ಬಂದರೆ ಲಾಕ್ ಕೂಡ ಆಗಬಹುದು. ಗಾಳಿ ಬ್ರೇಕಿನ ಬಸ್ಸು ಲಾರಿಗಳಲ್ಲಿ ಟ್ಯಾಂಕಿಗೆ ಗಾಳಿ ತುಂಬುವುದು ಇಂಜಿನ್. ಅದು ನಿಂತರೆ ಪ್ರತಿ ಸಲ ಒತ್ತಿದಾಗಲೂ ಗಾಳಿ ಖರ್ಚಾಗುತ್ತದೆ, ಮತ್ತೆ ತುಂಬುವುದಿಲ್ಲ.

ಕಾರಿನವರು ಮೂರನೆಯ ಗೇರಿನಲ್ಲಿ, ಬೇಕಾದರೆ ಎರಡನೆಯದರಲ್ಲಿ ಇಳಿಯಬಹುದು. ಆಟೋಮ್ಯಾಟಿಕ್ ಕಾರಿನಲ್ಲಿ ಮ್ಯಾನುವಲ್ ಸ್ಥಾನವನ್ನೋ 'ಎಲ್' ಸ್ಥಾನವನ್ನೋ ಬಳಸಬೇಕು. ಹೆಚ್ಚಿನವರು ಅದನ್ನು ಒಮ್ಮೆಯೂ ಮುಟ್ಟಿ ನೋಡಿರುವುದಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು. ವೇಗ ಏರಿದಾಗ ಗಟ್ಟಿಯಾಗಿ ಒಮ್ಮೆ ಒತ್ತಿ ತಗ್ಗಿಸಿ ಬಿಟ್ಟುಬಿಡಬೇಕು, ಬ್ರೇಕಿಗೆ ಆರಲು ಸಮಯ ಸಿಗುತ್ತದೆ. ಬ್ರೇಕು ಹಿಡಿಯುತ್ತಿಲ್ಲ ಎಂದು ಗೊತ್ತಾದರೆ ಇಂಜಿನ್ ಆರಿಸದೆ ಒಂದೊಂದೇ ಗೇರು ಇಳಿಸುತ್ತ, ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ ಸ್ವಲ್ಪ ಸ್ವಲ್ಪವೇ ಎಳೆಯುತ್ತ, ಹಾರ್ನ್ ಮಾಡುತ್ತ ಎಡಕ್ಕೆ ಸರಿಯಬೇಕು. ಬೇರೆ ದಾರಿಯೇ ಇಲ್ಲದಿದ್ದರೆ ರಸ್ತೆ ಬದಿಯ ತಡೆಗೆ ಕಾರಿನ ಮಗ್ಗುಲನ್ನು ಉಜ್ಜಿಸಿ ನಿಲ್ಲಿಸಬಹುದು. ಕಾರು ಹಾಳಾಗುತ್ತದೆ, ಆಗಲಿ.

ಪಥ, ರಸ್ತೆ ಬದಿ, ನಿದ್ದೆ

ಮೂರು ಪಥಗಳಲ್ಲಿ ಎಡಗಡೆಯದು ಭಾರೀ ಹಾಗೂ ನಿಧಾನದ ವಾಹನಗಳಿಗೆ, ಬಲತುದಿಯದು ಮುಂದೆ ಹೋಗುವುದಕ್ಕೆ ಮಾತ್ರ. ಘಾಟಿ ಹತ್ತುವಾಗ ತುಂಬಿದ ಟ್ರೇಲರ್‌ಗಳು ಗಂಟೆಗೆ ಇಪ್ಪತ್ತು ಕಿ.ಮೀ.ಯಲ್ಲಿ ತೆವಳುತ್ತಿರುತ್ತವೆ, ಅದೂ ಕೆಲವೊಮ್ಮೆ ಬಲತುದಿಯಲ್ಲಿ. ಸಿಟ್ಟಿನಿಂದ ಎಡದಿಂದ ನುಗ್ಗಿ ಹೋಗುವುದೇ ಇಲ್ಲಿನ ಅನೇಕ ಅಪಘಾತಗಳ ಆರಂಭ. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನೀವು ಅದೇ ಕಂಬ ದಾಟಲು ಕನಿಷ್ಠ ಎರಡು ಸೆಕೆಂಡು, ಮಳೆಯಲ್ಲಿ ನಾಲ್ಕು ಸೆಕೆಂಡು ಹಿಡಿಯುವಷ್ಟು ಅಂತರವಿರಬೇಕು.

ರಸ್ತೆ ಬದಿಯಲ್ಲಿ ನಿಲ್ಲಿಸುವ ವಿಷಯದಲ್ಲಿ 2016ರ ಜೂನ್ 5ರ ಮುಂಜಾನೆಯನ್ನು ನೆನಪಿಸಲೇಬೇಕು. ಪನ್ವೇಲ್ ಬಳಿ ಟಯರು ಕೆಟ್ಟು ಬದಿಗೆ ನಿಂತಿದ್ದ ಕಾರಿಗೂ ಅದರ ಜೊತೆಗಿದ್ದ ಇನ್ನೊಂದು ಕಾರಿಗೂ ಖಾಸಗಿ ಬಸ್ಸೊಂದು ಗುದ್ದಿ 17 ಮಂದಿ ಸತ್ತರು. ನಿಂತ ವಾಹನ ಸುರಕ್ಷಿತ ಎಂಬ ನಂಬಿಕೆ ಈ ರಸ್ತೆಯಲ್ಲಿ ಸಲ್ಲದು. ಟಯರು ಹೋದರೆ ರಿಮ್ಮು ಹಾಳಾದರೂ ಚಿಂತೆಯಿಲ್ಲ, ಅಗಲವಾದ ಜಾಗ ಸಿಗುವ ತನಕ ನಿಧಾನವಾಗಿ ಹೋಗಬೇಕು. ನಿಲ್ಲಿಸಲೇಬೇಕಾದರೆ ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರೂ ಎಡಬದಿಯಿಂದ ಇಳಿದು ತಡೆಯ ಆಚೆ, ವಾಹನದಿಂದ ದೂರ ನಿಲ್ಲಬೇಕು. ಪ್ರತಿಫಲಿಸುವ ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು. ಮಕ್ಕಳನ್ನು ಕಾರಿನೊಳಗೆ ಕೂರಿಸಿ ಗಂಡಸರು ಟಯರು ಬದಲಿಸುವ ನಮ್ಮ ವಾಡಿಕೆ ಇಲ್ಲಿ ಬೇಡವೇ ಬೇಡ. ಜಲಪಾತದ ಎದುರು ಫೋಟೋಕ್ಕೆಂದು ನಿಲ್ಲಿಸುವವರ ಬಗ್ಗೆ ಬರೆಯುವುದೇ ಬೇಡ.

ಕಾಂಕ್ರೀಟಿನ ಮೇಲೆ ಬೇಸಗೆಯ ಮಧ್ಯಾಹ್ನ ನೂರರಲ್ಲಿ ಓಡುವ ಟಯರಿಗೆ ಗಾಳಿ ಕಡಿಮೆಯಿದ್ದರೆ ಅದರ ಪಕ್ಕಗಳು ಮತ್ತೆ ಮತ್ತೆ ಬಾಗಿ ಕಾದು ಸಿಡಿಯುತ್ತವೆ. ಆದ್ದರಿಂದ ಹೊರಡುವ ದಿನ ಬೆಳಿಗ್ಗೆ, ಟಯರು ತಣ್ಣಗಿರುವಾಗ ಗಾಳಿ ನೋಡಿಸಬೇಕು. ಟಯರಿನ ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆ ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ. 2319 ಎಂದರೆ 2019ರ 23ನೆಯ ವಾರ. ಹೊಳೆಯುವ ಹಳೆಯ ಟಯರಿಗೆ ಮೋಸಹೋಗಬಾರದು.

ನಮ್ಮವರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ನಿದ್ದೆಯೆಂದು ನಮ್ಮ ಅಭಿಪ್ರಾಯ. ಮಂಗಳೂರಿನಿಂದ ಈ ಮಾರ್ಗವಾಗಿ ಮುಂಬಯಿಗೆ ಸುಮಾರು ಸಾವಿರ ಕಿ.ಮೀ. ಮಧ್ಯಾಹ್ನ ಊರು ಬಿಟ್ಟವರಿಗೆ ಖಂಡಾಲಾದ ಇಳಿಜಾರು ಎದುರಾಗುವುದು ದಾರಿಯ ಕೊನೆಯ ನೂರು ಕಿಲೋಮೀಟರಿನಲ್ಲಿ, ಕಣ್ಣು ತಾನಾಗಿ ಮುಚ್ಚುವ ಬೆಳಗಿನ ಜಾವದಲ್ಲಿ. ಚಾಲಕನಿಗೂ ವಾಹನದ ಬ್ರೇಕಿಗೂ ಅತ್ಯಂತ ದಣಿವಾಗಿರುವ ಹೊತ್ತಿನಲ್ಲಿಯೇ ಅತ್ಯಂತ ಕಷ್ಟದ ಭಾಗ ಬರುತ್ತದೆ. ಮಹಾರಾಷ್ಟ್ರದ ಮಾಜಿ ಶಾಸಕ ವಿನಾಯಕ ಮೇಟೆಯವರು 2022ರ ಆಗಸ್ಟ್ 14ರಂದು ಬೀಡ್ ಕಡೆಯಿಂದ ರಾತ್ರಿಯಿಡೀ ಪ್ರಯಾಣಿಸಿ ಮುಂಬಯಿಗೆ ಬರುತ್ತಿದ್ದಾಗ ಮಾಡಪ್ ಸುರಂಗದ ಬಳಿ ಅವರ ಕಾರು ಲಾರಿಗೆ ಬಡಿದು ತೀರಿಹೋದದ್ದು ಇಂಥದೇ ಬೆಳಗಿನ ಜಾವದಲ್ಲಿ. ವಾಹನ ಗೊತ್ತುಮಾಡುವಾಗ ಬಾಡಿಗೆಯಲ್ಲಿ ಐನೂರು ಸಾವಿರ ಚೌಕಾಸಿ ಮಾಡುವ ಬದಲು ಇಬ್ಬರು ಚಾಲಕರು ಬೇಕೆಂದು ಪಟ್ಟುಹಿಡಿಯಿರಿ. ಒಬ್ಬನೇ ಇದ್ದರೆ ಸತಾರದ ಆಸುಪಾಸಿನಲ್ಲಿ ಎರಡು ಗಂಟೆ ಮಲಗಿಸಿ, ಬೆಳಕು ಹರಿದ ಮೇಲೆ ಘಾಟಿ ಇಳಿಯಲಿ.

ಬೆಲ್ಟು ಮತ್ತು ಸಾಮಾನು

ಹಿಂದಿನ ಸೀಟಿನವರಿಗೆ ಬೆಲ್ಟು ಬೇಡವೆಂಬ ಭಾವನೆ ಎಷ್ಟು ಗಟ್ಟಿಯೆಂದರೆ, ಮುಂಬಯಿ–ಅಹಮದಾಬಾದ್ ಹೆದ್ದಾರಿಯಲ್ಲಿ 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ತೀರಿಹೋಗುವವರೆಗೆ ಈ ನಿಯಮ ಇದೆ ಎಂದೇ ಅನೇಕರಿಗೆ ಗೊತ್ತಿರಲಿಲ್ಲ. ಅವರು ಹಿಂದಿನ ಸೀಟಿನಲ್ಲಿ ಬೆಲ್ಟು ಇಲ್ಲದೆ ಕುಳಿತಿದ್ದರು. ಅಪಘಾತದಲ್ಲಿ ಹಿಂದಿನವರು ಮುಂದಿನವರ ಮೇಲೆ ಬೀಳುತ್ತಾರೆ; ಇದು ಸ್ವಂತ ಜೀವದ ಪ್ರಶ್ನೆ ಮಾತ್ರವಲ್ಲ. ಮಗುವನ್ನು ಮಡಿಲಲ್ಲಿ ಎಷ್ಟೇ ಬಿಗಿಯಾಗಿ ಹಿಡಿದರೂ ಗುದ್ದಿದ ಕ್ಷಣ ತಾಯಿಯ ಕೈಯೂ ಸಾಲದು. ಟೆಂಪೋ ಟ್ರಾವೆಲರ್‌ನ ಮಾಡಿನ ಮೇಲೆ ಅಕ್ಕಿ, ತೆಂಗಿನಕಾಯಿ, ಹಲಸಿನಕಾಯಿ ಹೇರಿ ಮುಂಬಯಿಯ ಮನೆಗಳಿಗೆ ಒಯ್ಯುವ ಪ್ರೀತಿ ನಮಗೆ ಗೊತ್ತಿದೆ. ಅದೇ ಭಾರ ತಿರುವಿನಲ್ಲಿ ವಾಹನವನ್ನು ಮಗುಚಲು ಸಾಕು. ಭಾರದ್ದನ್ನು ಕೆಳಗೆ ಇಡಿ. ಕನ್ನಡಿಗೆ ತೂಗುಹಾಕಿದ ಜಪಸರದ ಬಗ್ಗೆಯೂ ಒಂದು ಮಾತು: ಭಕ್ತಿಗೆ ನಮ್ಮ ಆಕ್ಷೇಪವಿಲ್ಲ, ಆದರೆ ಕಣ್ಣೆದುರು ತೂಗಾಡುವಂಥದ್ದು ಯಾವುದೂ ಘಾಟಿಯಲ್ಲಿ ಬೇಡ, ಜೇಬಿನಲ್ಲಿದ್ದರೂ ಸಾಕು.

ರಸ್ತೆಯೂ ಬದಲಾಗಿದೆ

ಎಲ್ಲ ತಪ್ಪನ್ನೂ ಚಾಲಕರ ಮೇಲೆ ಹಾಕುವುದು ನ್ಯಾಯವಲ್ಲ. 2012ರ ಡಿಸೆಂಬರ್‌ನಲ್ಲಿ ಉರ್ಸೆ ಬಳಿ ಟೆಂಪೋ ಒಂದು ವಿಭಜಕವನ್ನು ಹಾರಿ ಬಂದು ಗುದ್ದಿದ್ದರಿಂದ ಮರಾಠಿ ನಟರಾದ ಆನಂದ ಅಭ್ಯಂಕರ್, ಅಕ್ಷಯ್ ಪೆಂಡ್ಸೆ ಮತ್ತು ಪೆಂಡ್ಸೆಯವರ ಪುಟ್ಟ ಮಗ ಸತ್ತರು. ಅವರ ಚಾಲಕ ಮಾಡಬಹುದಾಗಿದ್ದದ್ದು ಏನೂ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ವಿಭಜಕಕ್ಕೆ ತಂತಿಹಗ್ಗದ ತಡೆಗಳನ್ನು ಹಾಕಲಾಯಿತು. 2016ರಲ್ಲಿ ಸೇವ್ ಲೈಫ್ ಫೌಂಡೇಶನ್ ಸಂಸ್ಥೆಯು ರಸ್ತೆ ನಿಗಮ ಮತ್ತು ಪೊಲೀಸರ ಜೊತೆ ಸೇರಿ ಪ್ರತಿಯೊಂದು ಅಪಘಾತದ ಜಾಗವನ್ನೂ ಪರಿಶೀಲಿಸಿ, ಅಪಾಯಕರ ಕಂಬ, ಕಲ್ಲು, ತುದಿಗಳನ್ನು ಸರಿಪಡಿಸುವ ಕಾರ್ಯ ಆರಂಭಿಸಿತು. ಆ ವರ್ಷ ಈ ಹೆದ್ದಾರಿಯಲ್ಲಿ ಸತ್ತವರು 151 ಮಂದಿ. 2020ರಲ್ಲಿ ಸತ್ತವರು 66. ಅದು ಲಾಕ್‌ಡೌನಿನ ವರ್ಷ ಎಂಬುದನ್ನು ಮರೆಯಬಾರದು, ಆದರೆ ಇಳಿಕೆ ಅದಕ್ಕೂ ಮೊದಲೇ ಆರಂಭವಾಗಿತ್ತು. ಘಾಟಿಯ ಇಕ್ಕಟ್ಟನ್ನೇ ತಪ್ಪಿಸಲೆಂದು ಖೋಪೋಲಿಯಿಂದ ಕುಸಗಾಂವ್‌ಗೆ ಎರಡು ಸುರಂಗಗಳ, 13 ಕಿ.ಮೀ.ಗೂ ಹೆಚ್ಚು ಉದ್ದದ ಹೊಸ ದಾರಿಯ ಕೆಲಸವನ್ನೂ 2019ರಲ್ಲಿ ಕೈಗೆತ್ತಿಕೊಳ್ಳಲಾಯಿತು.

ಅಪಘಾತ ಕಂಡಾಗ ನಿಲ್ಲದೆ ಹೋಗುವವರು ಹೇಳುವ ಕಾರಣ ಒಂದೇ, ಪೊಲೀಸು ಕೋರ್ಟು ಯಾರಿಗೆ ಬೇಕು ಎಂದು. ಗಾಯಾಳುವಿಗೆ ನೆರವಾದವರ ರಕ್ಷಣೆಗೆ 2016ರಲ್ಲಿಯೇ ಸುಪ್ರೀಂ ಕೋರ್ಟು ಮಾರ್ಗಸೂಚಿಗಳಿಗೆ ಬಲ ಕೊಟ್ಟಿದೆ. 2019ರ ತಿದ್ದುಪಡಿಯಲ್ಲಿ ಸೇರಿಸಿದ 134ಎ ಸೆಕ್ಷನ್ ಅದನ್ನು ಕಾನೂನೇ ಮಾಡಿದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳಬೇಕೆಂದು ಒತ್ತಾಯಿಸುವಂತಿಲ್ಲ. ನಿಮ್ಮ ವಾಹನವನ್ನು ಅಪಘಾತದ ಸ್ಥಳದಿಂದ ಮುಂದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 112ಕ್ಕೋ 108ಕ್ಕೋ ಕರೆಮಾಡಿ. "ಖಂಡಾಲಾ ಹತ್ತಿರ" ಎಂದರೆ ಆಂಬುಲೆನ್ಸಿನವರಿಗೆ ಉಪಯೋಗವಿಲ್ಲ. ಮುಂಬಯಿ ಕಡೆಗೆ ಹೋಗುವ ಬದಿಯೋ ಪುಣೆ ಕಡೆಗೆ ಹೋಗುವ ಬದಿಯೋ ಎಂಬುದನ್ನೂ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಮೊದಲು ಹೇಳಬೇಕು. ಬದಿ ತಪ್ಪಿ ಹೇಳಿದರೆ ಆಂಬುಲೆನ್ಸು ಮುಂದಿನ ನಿರ್ಗಮನದವರೆಗೆ ಹೋಗಿಯೇ ತಿರುಗಿ ಬರಬೇಕು.